ಹದಿನಾಲ್ಕು ತಿಂಗಳು, ಒಂದು ಮಳೆಗಾಲ, ಎರಡು ಬಾಗಿಲಿನ ಫ್ರಿಜ್

ಹಳೆಯ ಫ್ರಿಜ್ ನಮ್ಮನೆಗೆ ಬಂದಿದ್ದು ಮಗಳು ಹುಟ್ಟಿದ ವರ್ಷ. ಒಂದೇ ಬಾಗಿಲು, 170 ಲೀಟರ್, ಕುಂಕುಮದ ಬಣ್ಣ. ಮಗಳು ಈಗ ಪಿಯುಸಿ. ಹೋದ ವರ್ಷ ಯುಗಾದಿಗೆ ಎಂಟು ದಿನ ಇದೆ ಅನ್ನುವಾಗ ಅದರ ಕಂಪ್ರೆಸರ್ ನಿಂತುಹೋಯಿತು. ರಿಪೇರಿಯವನ ಲೆಕ್ಕ ಕೇಳಿ ನಮ್ಮ ಯಜಮಾನರು "ಇದಕ್ಕೆ ಇನ್ನು ದುಡ್ಡು ಸುರಿಯೋದು ಬೇಡ" ಎಂದರು. ಸಾಗರ ಪೇಟೆಗೆ ಹೋಗಿ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ ತಂದೆವು. 250 ಲೀಟರಿನ ಆಸುಪಾಸು, 3 ಸ್ಟಾರ್, 27,500 ರೂಪಾಯಿ. ಹಳೆಯದಕ್ಕೆ 1,500 ಹಿಡಿದುಕೊಂಡರು. ಕಂಪನಿಯ ಹೆಸರು ಬರೆಯುವುದಿಲ್ಲ. ಅಂಗಡಿಯಲ್ಲಿ ಈ ಅಳತೆಯ ನಾಲ್ಕೈದು ಕಂಪನಿಯವನ್ನು ತೆಗೆದು ನೋಡಿದ್ದೆ, ಒಳಗೆ ಎಲ್ಲ ಹೆಚ್ಚುಕಡಿಮೆ ಒಂದೇ ಥರ.

ಅಂಗಡಿ ಹುಡುಗ "ಅಕ್ಕಾ, ಇದ್ರಲ್ಲಿ ಐಸ್ ಕಟ್ಟಲ್ಲ, ನಿಮ್ಗೆ ಏನೂ ಕೆಲ್ಸ ಇಲ್ಲ" ಅಂದ. ಐಸ್ ಕಟ್ಟುವುದಿಲ್ಲ, ಅದು ನಿಜ. ಕೆಲಸ ಇಲ್ಲ ಅನ್ನುವುದು ಸುಳ್ಳು.

ಶುರುವಾಗಿದ್ದೇ ಎಡವಟ್ಟಿನಿಂದ. ಅಂಗಡಿಯವರು ಫ್ರಿಜ್ಜನ್ನು ಪಿಕಪ್ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ನಮ್ಮ ಮಣ್ಣು ರಸ್ತೆಯಲ್ಲಿ ಮೂರು ಕಿಲೋಮೀಟರ್ ಕುಲುಕಿಸಿ ತಂದು ಇಳಿಸಿ, ಕೂಡಲೇ ಪ್ಲಗ್ ಹಾಕಲು ಹೊರಟರು. ನಾನು ಬಿಡಲಿಲ್ಲ. ಮಲಗಿಸಿದಾಗ ಕಂಪ್ರೆಸರಿನೊಳಗಿನ ಆಯಿಲ್ ಕೊಳವೆಗೆ ಹೋಗಿರುತ್ತದೆ, ಅದು ವಾಪಸ್ ಇಳಿಯಲು ನಿಲ್ಲಿಸಿ ಬಿಡಬೇಕು. ಸಂಜೆಯಿಂದ ಮರುದಿನ ಬೆಳಿಗ್ಗೆವರೆಗೆ ಹಾಗೇ ನಿಲ್ಲಿಸಿಟ್ಟೆ. ಮನೆಗೆ ಬಂದ ಹೊಸ ಫ್ರಿಜ್ಜಿನ ಮುಂದೆ ಬಿಸಿ ನೀರು ಕುಡಿದುಕೊಂಡು ಕೂತೆವು.

ಹಳೆಯದರಲ್ಲಿ ಎರಡು ವಾರಕ್ಕೊಮ್ಮೆ ನಡುವಿನ ಗುಂಡಿ ಒತ್ತಿ ಐಸ್ ಕರಗಿಸಬೇಕಿತ್ತು. ಮರೆತರೆ ಫ್ರೀಜರ್ ಬಾಗಿಲೇ ಹಾಕಲಿಕ್ಕಾಗದಷ್ಟು ಹೆಪ್ಪು. ನಮ್ಮ ಪಕ್ಕದ ಮನೆಯವರು ಒಮ್ಮೆ ಚಾಕು ಹಾಕಿ ಮೀಟಿ, ಅಲ್ಯೂಮಿನಿಯಂ ತಗಡು ತೂತಾಗಿ, ಗ್ಯಾಸೆಲ್ಲ ಹೋಗಿ, ಆ ಫ್ರಿಜ್ ಈಗ ಅವರ ಕೊಟ್ಟಿಗೆಯಲ್ಲಿ ಹಿಂಡಿ ಇಡುವ ಕಪಾಟು. ಹೊಸದರಲ್ಲಿ ಆ ರಗಳೆ ಇಲ್ಲ. ಹಿಂದಿನ ಗೋಡೆಯೊಳಗೆ ಒಂದು ಫ್ಯಾನ್ ಇದೆ. ಅದು ತಣ್ಣನೆ ಗಾಳಿಯನ್ನು ಫ್ರೀಜರಿಗೂ ಕೆಳಗಿನ ಭಾಗಕ್ಕೂ ಊದುತ್ತದೆ. ಆ ಗಾಳಿಯನ್ನು ತಣ್ಣಗೆ ಮಾಡುವ ಕೊಳವೆಯ ಮೇಲೆ ಕೂತ ಹಿಮವನ್ನು ಒಂದು ಹೀಟರ್ ಆಗಾಗ ತಾನೇ ಕರಗಿಸುತ್ತದೆ. ಆ ನೀರು ಪೈಪಿನಲ್ಲಿ ಇಳಿದು ಹಿಂದೆ ಕಂಪ್ರೆಸರ್ ಮೇಲಿರುವ ತಟ್ಟೆಗೆ ಬಿದ್ದು, ಅದರ ಬಿಸಿಗೆ ಆರುತ್ತದೆ.

ಇಡೀ ಫ್ರಿಜ್ ಗಾಳಿಯ ಮೇಲೆ ನಿಂತಿದೆ ಅನ್ನುವುದು ನನಗೆ ಅರ್ಥವಾಗಿದ್ದು ಮೇ ತಿಂಗಳಲ್ಲಿ, 450 ರೂಪಾಯಿ ಕೊಟ್ಟ ಮೇಲೆ. ಹಲಸಿನ ಕಾಲ. ಬಕ್ಕೆ ಹಣ್ಣಿನ ತೊಳೆ ಬಿಡಿಸಿ ಪ್ಯಾಕೆಟ್ ಮಾಡಿ ಫ್ರೀಜರಿಗೆ ತುಂಬಿದೆ. ಜೊತೆಗೆ ತುರಿದ ಕಾಯಿ, ಹತ್ತು ದಿನದ ಕೆನೆಯ ಡಬ್ಬ, ಮಕ್ಕಳ ಐಸ್‌ಕ್ರೀಮ್. ಸಂದು ಇಲ್ಲದಂತೆ ಜೋಡಿಸಿದ್ದಕ್ಕೆ ನನಗೇ ಹೆಮ್ಮೆ. ಐಸ್‌ಕ್ರೀಮ್ ಗಟ್ಟಿಯಾಗಲಿ ಅಂತ ಮಗ ಫ್ರೀಜರಿನೊಳಗಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಎರಡೇ ದಿನಕ್ಕೆ ಕೆಳಗೆ ಹಾಲು ಒಡೆಯಿತು, ದೋಸೆ ಹಿಟ್ಟು ಉಕ್ಕಿ ಚೆಲ್ಲಿತು. ಮೇಲೆ ಕಲ್ಲಿನಂಥ ಐಸ್, ಕೆಳಗೆ ಸೆಕೆ!

ಸರ್ವಿಸಿನವರು ನಾಲ್ಕನೇ ದಿನಕ್ಕೆ ಬಂದರು. ಮೂರು ಸಲ ಫೋನ್ ಮಾಡಿಸಿಕೊಂಡ ಮೇಲೆ. ಬಂದ ಹುಡುಗ ಟೂಲ್ ಚೀಲವನ್ನು ಬಿಚ್ಚಲೇ ಇಲ್ಲ. ಫ್ರೀಜರಿನ ಹಿಂಭಾಗದ ಸೀಳುಗಳಿಗೆ ಒತ್ತಿಕೊಂಡಿದ್ದ ಹಲಸಿನ ಪ್ಯಾಕೆಟ್‌ಗಳನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದ, ಗುಂಡಿಯನ್ನು ನಡುವಿಗೆ ತಂದ. ಈ ಮಾದರಿಯಲ್ಲಿ ಫ್ರೀಜರಿನ ಗುಂಡಿ ಜಾಸ್ತಿ ಮಾಡಿದರೆ ಮೇಲೇ ಗಾಳಿ ಉಳಿಯುತ್ತದೆ, ಕೆಳಗೆ ಬರುವುದು ಕಡಿಮೆಯಾಗುತ್ತದೆಯಂತೆ. ಗ್ಯಾರಂಟಿ ಇದ್ದರೂ "ಮಷೀನಿನ ತಪ್ಪಲ್ಲ" ಅಂತ ಬಂದಿದ್ದಕ್ಕೆ 450 ತೆಗೆದುಕೊಂಡ. ಕೊಡುವಾಗ ಹೊಟ್ಟೆ ಉರಿಯಿತು. ಈ ಮಾತನ್ನು ಫೋನಿನಲ್ಲೇ ಹೇಳಬಹುದಿತ್ತು ಅಲ್ವಾ? ಸರ್ವಿಸಿಗೆ ನನ್ನ ಕಡೆಯಿಂದ ಸೊನ್ನೆ.

ಆಮೇಲೆ ಒಂದು ಥರ್ಮಾಮೀಟರ್ ತರಿಸಿದೆ. ನಡುವಿನ ತಟ್ಟೆಯಲ್ಲಿ ಲೋಟ ನೀರಿನೊಳಗೆ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ನೋಡುತ್ತೇನೆ. 3ರಿಂದ 5 ಡಿಗ್ರಿ ಒಳಗಿದ್ದರೆ ಸರಿ. ಫ್ರೀಜರ್ ಮೈನಸ್ 18 ಇರಬೇಕು. ಗುಂಡಿಯ ಮೇಲಿನ 1, 2, 3 ಡಿಗ್ರಿ ಅಲ್ಲ, ಅದನ್ನು ನಂಬಿ ಕೂರಬೇಡಿ.

ಗಾಳಿಯ ಇನ್ನೊಂದು ಕಾಟ, ಒಣಗಿಸುವುದು. ಹಳೆಯ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪು ಸುಮ್ನೆ ಇಟ್ಟರೂ ನಾಲ್ಕು ದಿನ ಇರುತ್ತಿತ್ತು. ಇದರಲ್ಲಿ ಎರಡು ದಿನಕ್ಕೆ ಸೊರಗುತ್ತದೆ. ಮುಚ್ಚದೆ ಇಟ್ಟ ಅನ್ನ ಬೆಳಗಾಗುವಷ್ಟರಲ್ಲಿ ಹಸಿ ಅಕ್ಕಿಯ ಹಾಗೆ. ಈಗ ಎಲ್ಲಕ್ಕೂ ಮುಚ್ಚಳ. ಸೊಪ್ಪನ್ನು ತೊಳೆಯದೆ, ಬೇರು ಕತ್ತರಿಸಿ, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿಡುತ್ತೇನೆ. ಬಸಳೆ, ಹರಿವೆ ಎರಡಕ್ಕೂ ಇದೇ ಉಪಾಯ. ಟೊಮೆಟೊ, ಹಣ್ಣಾದ ಮಾವು ಇವುಗಳ ಪಕ್ಕದಲ್ಲಿ ಸೊಪ್ಪು ಇಡುವುದಿಲ್ಲ. ಅವು ಬಿಡುವ ಗಾಳಿಗೆ ಸೊಪ್ಪು ಬೇಗ ಹಳದಿಯಾಗುತ್ತದೆ. ಆಲೂಗಡ್ಡೆ, ಈರುಳ್ಳಿ, ಬಾಳೆಹಣ್ಣು ಹೊರಗೇ ಇರಲಿ.

ಕೆನೆಗೆ ಮಾತ್ರ ಈ ಫ್ರೀಜರ್ ಬಂಗಾರ. ದಿನದ ಕೆನೆಯನ್ನು ಸ್ಟೀಲ್ ಡಬ್ಬಕ್ಕೆ ಹಾಕುತ್ತಾ ಹೋಗುತ್ತೇನೆ. ಹತ್ತು ದಿನಕ್ಕೆ ಹೊರಗೆ ತೆಗೆದು, ಪೂರಾ ಕರಗಿದ ಮೇಲೆ ಹೆಪ್ಪು ಹಾಕಿ, ಮರುದಿನ ಕಡೆದರೆ ಬೆಣ್ಣೆ. ಮೊದಲಿನ ಹಾಗೆ ಕಹಿ ವಾಸನೆ ಬರುವುದಿಲ್ಲ. ಕಾಯಿತುರಿಯನ್ನೂ ಒಂದೊಂದು ಹಿಡಿಯಂತೆ ಬೇರೆ ಮಾಡಿ ಚಪ್ಪಟೆಯಾಗಿ ಇಡುತ್ತೇನೆ. ಬೆಳಿಗ್ಗೆ ಚಟ್ನಿಗೆ ಹತ್ತು ನಿಮಿಷದಲ್ಲಿ ಬಿಡುತ್ತದೆ. ಉಂಡೆ ಮಾಡಿಟ್ಟರೆ ಒನಕೆಯಲ್ಲಿ ಕುಟ್ಟಬೇಕು.

ಈಗ ಮಳೆಗಾಲದ ಮಾತು. ನಮ್ಮ ಕಡೆ ಫ್ರಿಜ್ಜಿನ ನಿಜವಾದ ಪರೀಕ್ಷೆ ಅದೇ. ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ರಾತ್ರಿ ಕರೆಂಟ್ ಇರಲಿಲ್ಲ. ಹಳೆಯದರಲ್ಲಿ ಆ ದಪ್ಪ ಐಸ್ ಇತ್ತಲ್ಲ, ನಾನು ಬೈಯುತ್ತಿದ್ದ ಐಸ್, ಅದೇ ಒಂದು ರಾತ್ರಿ ಕಾಯುತ್ತಿತ್ತು. ಹೊಸದರಲ್ಲಿ ಕಾಯಲು ಏನೂ ಇಲ್ಲ. ಬಾಗಿಲು ತೆಗೆಯದಿದ್ದರೆ ಕೆಳಗಿನ ಭಾಗ ನಾಲ್ಕು ಗಂಟೆ ತಡೆದೀತು. ಫ್ರೀಜರ್ ತುಂಬಿದ್ದರೆ ಎರಡು ದಿನ, ಅರ್ಧ ಇದ್ದರೆ ಒಂದು ದಿನ ಅನ್ನುತ್ತಾರೆ. ನಮ್ಮದು ಅರ್ಧ ಇತ್ತು. ಮೇಲಾಗಿ ಮಗ ಗಂಟೆಗೊಮ್ಮೆ "ಕರಗಿತಾ ನೋಡ್ತೇನೆ" ಅಂತ ತೆಗೆಯುತ್ತಿದ್ದ. ಹಲಸಿನ ತೊಳೆ ಮೆತ್ತಗಾಯಿತು. ಅತ್ತೆ "ಬಿಸಾಡಬೇಡ ಮಾರಾಯ್ತಿ" ಅಂತ ಅದೇ ದಿನ ಕಡುಬು ಬೇಯಿಸಿದರು. ಹಾಲು, ಹುಳಿ ಎಲ್ಲ ದನದ ಬಾನಿಗೆ.

ಅಂದಿನಿಂದ ಮಳೆ ಹಿಡಿದ ಕೂಡಲೇ ಒಂದು ಲೀಟರಿನ ನಾಲ್ಕು ಬಾಟಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜರಿನಲ್ಲಿ ನಿಲ್ಲಿಸುತ್ತೇನೆ. ಪೂರ್ತಿ ತುಂಬಿದರೆ ಐಸ್ ಉಬ್ಬಿ ಬಾಟಲಿ ಬಿರಿಯುತ್ತದೆ. ಕರೆಂಟ್ ಹೋದರೆ ಎರಡು ಬಾಟಲಿ ಕೆಳಗೆ ಹಾಲಿನ ಪಕ್ಕಕ್ಕೆ. ಬೆಂಗಳೂರಿನ ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ ಒಂದು ಉಪಾಯವೂ ಕೆಲಸಕ್ಕೆ ಬಂತು. ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡುವುದು. ಊರಿಂದ ಬಂದು ನೋಡಿದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ವಾಟ್ಸಾಪಿನಲ್ಲಿ ಬಂದಿದ್ದರಲ್ಲಿ ನಿಜವಾದದ್ದು ಇದೊಂದೇ ಇರಬೇಕು.

ಇದರಲ್ಲಿರುವುದು ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಷ್ಟೇ ವೇಗದಲ್ಲಿ ಓಡುವಂಥದು. ಅದರ ಬಗ್ಗೆ ಒಳ್ಳೆ ಮಾತೇ ಹೇಳಬೇಕು. ಸಂಜೆ ವೋಲ್ಟೇಜ್ ಬಿದ್ದು ಬಲ್ಬ್ ಮಿಣುಕುವಾಗಲೂ ಇದು ಗೊಣಗದೆ ಓಡುತ್ತದೆ. ಹಳೆಯದು ನಿಂತು ಹೊರಡುವಾಗ ಇಡೀ ಅಡುಗೆಮನೆ ನಡುಗುತ್ತಿತ್ತು. ಆದರೆ ಮಾರುವವರು "ಸ್ಟೆಬಿಲೈಜರ್ ಬೇಡ" ಅಂದರೆ ಸಿಡಿಲಿಗೂ ಹೆದರಬೇಡಿ ಅಂತಲ್ಲ. ಮೇ ತಿಂಗಳ ಗುಡುಗು ಶುರುವಾದರೆ ನಾನು ಪ್ಲಗ್ಗನ್ನೇ ಎಳೆದಿಡುತ್ತೇನೆ.

ಹಿಂಭಾಗದ ತಟ್ಟೆಯ ಕಥೆಯೂ ಇದೆ. ಡೆಂಗಿ ಜೋರಾಗಿದ್ದಾಗ ಆಶಾ ಕಾರ್ಯಕರ್ತೆ ಮನೆ ಮನೆಗೆ ಲಾರ್ವಾ ನೋಡಲು ಬಂದರು. ನಾನು ತೆಂಗಿನ ಚಿಪ್ಪು, ಟೈರ್ ಎಲ್ಲ ಮೊದಲೇ ಎತ್ತಿಟ್ಟು ಧೈರ್ಯವಾಗಿದ್ದೆ. ಅವರು ನೇರ ಬಂದಿದ್ದು ಫ್ರಿಜ್ಜಿನ ಹಿಂದಕ್ಕೆ, ಕೈಯಲ್ಲಿ ಟಾರ್ಚ್. ನಮ್ಮ ತಟ್ಟೆಯಲ್ಲಿ ಎರಡು ಬೆರಳು ನೀರು. ಮಳೆಗಾಲದ ತೇವಕ್ಕೆ ಬೇಗ ಆರುವುದಿಲ್ಲ. ಪುಣ್ಯಕ್ಕೆ ಹುಳ ಇರಲಿಲ್ಲ. ಪಕ್ಕದ ಮನೆಯಲ್ಲಿ ಇತ್ತು. ಈಗ ಪ್ರತಿ ಭಾನುವಾರ ಪ್ಲಗ್ ತೆಗೆದು ತಟ್ಟೆ ಒರೆಸುವುದು ಮಗನ ಪಾಲಿನ ಕೆಲಸ. ಹಾಗೇ ಇಲಿ ವೈರಿಗೆ ಬಾಯಿ ಹಾಕಿದೆಯಾ ಅಂತಲೂ ನೋಡುತ್ತಾನೆ. ಹಿಂದೆ ಗೋಡೆಯಿಂದ ಅರ್ಧ ಅಡಿ ಜಾಗ ಬಿಟ್ಟಿದ್ದು ಇದಕ್ಕೂ ಒಳ್ಳೆಯದಾಯಿತು.

ಬಾಗಿಲಿನ ರಬ್ಬರ್ ಮಡಿಕೆಯಲ್ಲಿ ಮಳೆಗಾಲದಲ್ಲಿ ಕಪ್ಪು ಬೂಷ್ಟು ಬರುತ್ತದೆ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಹಾಕಿ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಹೋಗುತ್ತದೆ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದಾಗ ಬಿಗಿಯಾಗಿ ಬಂದರೆ ರಬ್ಬರ್ ಸರಿಯಿದೆ. ಸುಮ್ನೆ ಜಾರಿದರೆ ಅಲ್ಲಿಂದ ತಣ್ಣನೆ ಗಾಳಿಯೂ ಜಾರುತ್ತಿದೆ.

ಇನ್ನೊಂದು, ಹಿಂದಿನ ಸ್ಟಿಕ್ಕರ್ ಮೇಲೆ ಆರ್-600ಎ ಎಂದಿದೆ. ಅದು ಫ್ರಿಜ್ಜನ್ನು ತಣ್ಣಗೆ ಮಾಡುವ ಗ್ಯಾಸಿನ ಹೆಸರು, ಐಸೊಬ್ಯೂಟೇನ್. ನಮ್ಮ ಅಡುಗೆ ಗ್ಯಾಸಿನ ದಾಯಾದಿ, ಬೆಂಕಿ ಹತ್ತುವಂಥದು. ಒಳಗಿರುವುದು ನೂರು ಗ್ರಾಮಿಗಿಂತ ಕಡಿಮೆ. ಹಾಗಂತ ಗೊತ್ತಿಲ್ಲದವರ ಕೈಗೆ ರಿಪೇರಿಗೆ ಕೊಡಬೇಡಿ. ಬೆಸುಗೆಯ ಬೆಂಕಿ ಹಿಡಿದು ಬರುವವನಿಗೆ ಮೊದಲು ಆ ಸ್ಟಿಕ್ಕರ್ ತೋರಿಸಿ.

ಮನೆಯಲ್ಲಿ ಇಬ್ಬರೇ ಇದ್ದು, ಫ್ರೀಜರಿಗೆ ಜಾಸ್ತಿ ಹಾಕುವವರಲ್ಲದಿದ್ದರೆ ಒಂದು ಬಾಗಿಲಿನದೇ ಸಾಕು. ದುಡ್ಡೂ ಉಳಿಯುತ್ತದೆ. ನಮ್ಮ ಹಾಗೆ ಐದು ಜನ, ಹಲಸು, ಕಾಯಿ, ಕೆನೆ ಇದ್ದರೆ ಇದನ್ನು ತನ್ನಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದಿದ್ದರಲ್ಲಿ ಅರ್ಧ ಅಂಕ ತರಕಾರಿ ಡಬ್ಬದ ಹಿಡಿಕೆಗೆ. ಎಂಟನೇ ತಿಂಗಳಿಗೇ ಬಿರುಕು ಬಿಟ್ಟಿತು. ಪ್ಲಾಸ್ಟಿಕ್ಕಿಗೆ ಗ್ಯಾರಂಟಿ ಇಲ್ಲವಂತೆ, ಹೊಸ ಡಬ್ಬಕ್ಕೆ 900. ಸದ್ಯಕ್ಕೆ ಪ್ಲಂಬರ್ ಟೇಪ್ ಸುತ್ತಿದ್ದೇನೆ, ಸೌತೆಕಾಯಿ ಜಾಸ್ತಿ ತಂದ ದಿನ ಅತ್ತೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಾರೆ.