ಕಕ್ಕಡದ ಮಳೆಯಲ್ಲೂ ಮಾತು ನಿಲ್ಲದಿರಲು ಟೀಮ್ಸ್

ನಮ್ಮದು ಕಾಫಿ, ಕಾಳುಮೆಣಸಿನ ವ್ಯಾಪಾರ. ಲೆಕ್ಕ ನೋಡುವ ನಾನು ಮಡಿಕೇರಿಯಲ್ಲಿ, ಗೋದಾಮು ಕುಶಾಲನಗರದಲ್ಲಿ, ಖರೀದಿಯವರು ಗೋಣಿಕೊಪ್ಪ, ಸೋಮವಾರಪೇಟೆ ಕಡೆ, ಮಾರಾಟದವರು ಬೆಂಗಳೂರಿನಲ್ಲಿ. 2025ರ ಮೇ ತಿಂಗಳಲ್ಲಿ ಸ್ಕೈಪ್ ನಿಂತಾಗ ಎಲ್ಲರೂ ಮೈಕ್ರೋಸಾಫ್ಟ್‌ನ ಚಾಟ್, ಮೀಟಿಂಗ್ ಆ್ಯಪ್ ಆದ ಟೀಮ್ಸ್‌ಗೆ ಬಂದೆವು. ಹಳೆಯ ಚಾಟ್‌ಗಳು ಅದೇ ಲಾಗಿನ್‌ನಲ್ಲಿ ಸಿಕ್ಕಿದವು.

ನನಗೆ ಇಷ್ಟವಾದದ್ದು ಮೀಟಿಂಗ್ ಅಲ್ಲ, ಚಾಟ್. ಖರೀದಿಯವರು ಚೀಲದ ಲೆಕ್ಕ, ತೇವಾಂಶ ಮೀಟರಿನ ಫೋಟೊ ಹಾಕುತ್ತಾರೆ. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಎಷ್ಟು, ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ಎಷ್ಟು ಅಂತ ಫೋನಿನಲ್ಲಿ ಕೂಗಾಡುವುದು ತಪ್ಪಿದೆ. ವಾಟ್ಸಾಪ್‌ನಲ್ಲೂ ಆಗುತ್ತದಲ್ವಾ ಅಂತೀರಾ? ಆಗುತ್ತದೆ. ಆದರೆ ಅಲ್ಲಿ ಮದುವೆ ಕರೆಯೋಲೆಗಳ ನಡುವೆ ಬಿಲ್ಲು ಹುಡುಕುವುದು ಯಾರಿಗೆ ಬೇಕು!

ಕಕ್ಕಡ ಅಂದರೆ ಕೊಡಗಿನ ಜೋರು ಮಳೆಯ ತಿಂಗಳು; ಆ ಮಳೆಗೆ ಕರೆಂಟ್ ಹೋದರೆ ಯಾವ ಆ್ಯಪೂ ಇಲ್ಲ ಬಿಡಿ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ, ಬೇರೆಯವರ ವಿಡಿಯೊ ಬರದಂತೆ ಆಫ್ ಮಾಡುವ ಆಯ್ಕೆ ಇದೆ. ಧ್ವನಿ ಹೇಗೋ ಬರುತ್ತದೆ.

ಉಚಿತ ಆವೃತ್ತಿಯಲ್ಲಿ ಗುಂಪಿನ ಮೀಟಿಂಗ್‌ಗೆ 60 ನಿಮಿಷ, 100 ಜನರ ಮಿತಿ. ನಮ್ಮ ಮಾರಾಟದವರ ಮಾತಿಗೆ ಆ ಕತ್ತರಿ ಬೇಕೇ ಬೇಕು. ಫೈಲ್‌ಗಳಿಗೆ 5 ಜಿಬಿ ಜಾಗ. ಬಿಲ್ಲಿನ ಫೋಟೊಗಳಿಗೆ ಸಾಕು, ತೋಟದ ವಿಡಿಯೊ ಸುಮ್ನೆ ತುಂಬಿಸುವವರು ದುಡ್ಡು ಕೊಟ್ಟು ಜಾಸ್ತಿ ಜಾಗ ತಗೊಳ್ಳಲಿ.