ಬಾಕಿ ಕೊಡ್ತೀವಿ ಅಂತ ಕರೆಸಿ ಕಳ್ಳತನ ಹೊರಿಸಿದರು: ಮದುವೆ ಮನೆ ಕೆಲಸಕ್ಕೆ ಹೋಗುವವರು ಓದಿ

ಮದುವೆ ಮನೆಗೆ ಮೇಕಪ್, ಸೀರೆ ಉಡಿಸೋದು, ಮೆಹಂದಿ, ಫೋಟೋ, ಡೆಕೋರೇಷನ್ ಅಂತ ಹೋಗುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಮೇಕಪ್ ಮಾಡೋಕೆ ಹೋದ ನನ್ನ ಮೇಲೆ ಮದುಮಗಳ ಕಾಸಿನ ಸರ ಕದ್ದ ಆರೋಪ ಹೊರಿಸಿದರು. ನಾನು ಕದ್ದಿಲ್ಲ. ಆ ಸರ ಆಮೇಲೆ ಸಿಕ್ಕಿತು, ಅವರ ನೆಂಟರ ಮನೆಯಲ್ಲೇ ಸಿಕ್ಕಿತು. ಆದರೂ ಬಂಗಾರಪೇಟೆಯಲ್ಲಿ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಬರೆಯುವಾಗಲೂ ಕೈ ನಡುಗುತ್ತಿದೆ. ಸಿಟ್ಟಿಗೋ ಅವಮಾನಕ್ಕೋ ಗೊತ್ತಿಲ್ಲ.

ಮದುವೆ ಕೋಲಾರದ ಒಂದು ಛತ್ರದಲ್ಲಿ. ನಮ್ಮ ಕೆಲಸದ ವ್ಯವಹಾರ ನಿಮಗೆ ಗೊತ್ತೇ ಇದೆ. ಒಪ್ಪಿಕೊಂಡಾಗ ಸ್ವಲ್ಪ ಅಡ್ವಾನ್ಸ್, ರಿಸೆಪ್ಷನ್ ರಾತ್ರಿ ಸ್ವಲ್ಪ, ಧಾರೆ ಮುಗಿದ ಮೇಲೆ ಬಾಕಿ. ಬಾಕಿ ಕೇಳಿದರೆ "ನಾಳೆ ಫೋನ್‌ಪೇ ಮಾಡ್ತೀವಿ ಮೇಡಂ" ಅನ್ನೋದೂ ಮಾಮೂಲಿ. ನನಗೆ 8,000 ರೂಪಾಯಿ ಬರಬೇಕಿತ್ತು.

ರಿಸೆಪ್ಷನ್‌ಗೆ ನನ್ನದೇ ಬಾಡಿಗೆ ಸೆಟ್ ಹಾಕಿದ್ದೆ. ಧಾರೆಗೆ ಅವರ ಚಿನ್ನ. ಕಾಸಿನ ಸರ, ವಂಕಿ, ಡಾಬು, ಮಾಟಿ, ಬೈತಲೆ ಬೊಟ್ಟು. ಒಡವೆ ಡಬ್ಬಿ ಮದುಮಗಳ ಸೋದರತ್ತೆಯ ತೊಡೆ ಮೇಲಿತ್ತು. ಅವರು ಒಂದೊಂದಾಗಿ ತೆಗೆದುಕೊಟ್ಟರು, ನಾನು ಹಾಕಿದೆ. ಡಬ್ಬಿ ನಾನು ಮುಟ್ಟಲೇ ಇಲ್ಲ. ತಾಳಿ ಕಟ್ಟಿದ ಮೇಲೆ ಜಡೆ, ಸೆರಗು ಸರಿ ಮಾಡಿ, ಹೇಳಿ ಹೊರಟೆ. ಆಗ ಸರ ಹುಡುಗಿಯ ಕತ್ತಿನಲ್ಲೇ ಇತ್ತು.

ಕೆಲವು ದಿನ ಬಿಟ್ಟು ಹುಡುಗಿಯ ಸೋದರಮಾವ ಫೋನ್ ಮಾಡಿದರು. ಎಷ್ಟು ಪ್ರೀತಿಯಿಂದ ಮಾತಾಡಿದರು ಅಂದರೆ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. "ಬಾಕಿ ರೆಡಿ ಇದೆ ಕಣಮ್ಮಾ, ಮನೆ ಹತ್ರ ಬಂದು ತಗೊಂಡು ಹೋಗು. ಬೀಗರೂಟ ಇದೆ, ಊಟ ಮಾಡ್ಕೊಂಡೇ ಹೋಗು. ನಿನ್ನ ಕಿಟ್ಟೂ ತಗೊಂಬಾ, ಹುಡುಗೀಗೆ ಸ್ವಲ್ಪ ಟಚಪ್ ಮಾಡಬೇಕು."

ಕಿಟ್ಟೂ ತಗೊಂಬಾ. ಯಾಕೆ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಬಾಗಿಲ ಮುಂದೆ ತುಂಬಾ ಚಪ್ಪಲಿ ಇತ್ತು. ಬೀಗರೂಟ ಅಂದುಕೊಂಡೇ ಒಳಗೆ ಹೋದೆ. ಒಳಗೆ ಅಡುಗೆ ವಾಸನೆಯೇ ಇಲ್ಲ. ಹುಡುಗಿಯೂ ಇಲ್ಲ. ಸುತ್ತ ಗಂಡಸರು ಕೂತಿದ್ದಾರೆ, ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇದೆ. ಅದು ನನಗೆ. ಹಿಂದಿನಿಂದ ಯಾರೋ ಬಾಗಿಲ ಚಿಲಕ ಹಾಕಿದರು. ಆ ಚಿಲಕದ ಸದ್ದಿಗೆ ನನಗೆ ಎಲ್ಲ ಅರ್ಥವಾಯಿತು. ಬಾಕಿ ಇಲ್ಲ, ಊಟ ಇಲ್ಲ, ಟಚಪ್ ಇಲ್ಲ. ನನ್ನ ದುಡಿಮೆಯ ದುಡ್ಡಿನ ಹೆಸರು ಹೇಳಿಯೇ ನನ್ನನ್ನು ಅಲ್ಲಿಗೆ ಕರೆಸಿದ್ದರು.

"ಕಾಸಿನ ಸರ ಎಲ್ಲಿ?"

ನನಗೇನು ಗೊತ್ತು ಅಂದೆ. "ನಾವು ನಿನ್ನ ಮೇಲೆ ಹೇಳ್ತಿಲ್ಲಮ್ಮ, ಸುಮ್ನೆ ಕೇಳ್ತಿದ್ದೀವಿ" ಅಂದರು. ಸುಮ್ನೆ ಕೇಳೋಕೆ ಚಿಲಕ ಯಾಕೆ ಹಾಕಬೇಕು? ಅದನ್ನೂ ಕೇಳಿದೆ. "ಮಕ್ಕಳು ಹೊರಗೆ ಓಡ್ತಾವೆ ಅಂತ" ಅಂದರು. ಆ ಕೋಣೆಯಲ್ಲಿ ಒಂದು ಮಗುವೂ ಇರಲಿಲ್ಲ.

ಆಮೇಲೆ ನನ್ನ ಕಿಟ್ ಎಳೆದುಕೊಂಡು ಜಮಖಾನದ ಮೇಲೆ ಸುರಿದರು. ಬ್ರಷ್, ಫೌಂಡೇಶನ್, ಪಿನ್ನು, ಬಾಡಿಗೆ ಸೆಟ್ಟು ಎಲ್ಲ ಚೆಲ್ಲಾಡಿಹೋಯಿತು. ಬೇಡ, ಮುಟ್ಟಬೇಡಿ ಅಂತ ಅಷ್ಟು ಹೇಳಿದರೂ ಕೇಳಲಿಲ್ಲ. "ತಪ್ಪು ಮಾಡಿಲ್ದೋರಿಗೆ ಭಯ ಯಾಕೆ?" ಈ ಒಂದೇ ಮಾತನ್ನು ಸುತ್ತಿ ಸುತ್ತಿ ಹೇಳಿದರು. ಅವರೊಳಗೆ ತೆಲುಗಿನಲ್ಲಿ, ಇವಳೇ, ಇನ್ನು ಸ್ವಲ್ಪ ಗದರಿಸಿದರೆ ಬಾಯಿ ಬಿಡ್ತಾಳೆ ಅಂತ ಮಾತಾಡಿಕೊಂಡರು. ಕೋಲಾರ ಸೀಮೆಯಲ್ಲಿ ಹುಟ್ಟಿದವಳಿಗೆ ತೆಲುಗು ಅರ್ಥವಾಗಲ್ವಾ? ಡಬ್ಬಿ ತೊಡೆ ಮೇಲೆ ಇಟ್ಟುಕೊಂಡಿದ್ದ ಸೋದರತ್ತೆ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಅವರು ಒಂದು ಮಾತು ಆಡಲಿಲ್ಲ. ನನಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಅವರ ಮೇಲೇ.

ಕಿಟ್‌ನಲ್ಲಿ ಏನೂ ಸಿಗಲಿಲ್ಲ. ಆಗ ಮುಖಂಡರು ಅನ್ನಿಸಿಕೊಂಡ ಒಬ್ಬರು ಜೇಬಿನಿಂದ ಒಂದು ಹಾಳೆ ತೆಗೆದರು. ಮೊದಲೇ ಬರೆದಿಟ್ಟಿದ್ದ ಮುಚ್ಚಳಿಕೆ. "ಇದಕ್ಕೊಂದು ಸೈನ್ ಹಾಕಮ್ಮ. ನೀನು ಆ ರೂಮಲ್ಲಿದ್ದೆ ಅಂತ ಅಷ್ಟೇ. ಸ್ಟೇಷನ್ನು, ಕೇಸು ಅಂತ ಹೋದರೆ ನಿನ್ನ ಹೆಸರೇ ಹಾಳಾಗೋದು, ಹೆಣ್ಣುಮಗಳು ಬೇರೆ." ನಾನು ಹಾಳೆ ಕೈಗೆ ತಗೊಂಡು ಓದಿದೆ. ಒಡವೆ ನನ್ನ ವಶದಲ್ಲಿದ್ದಾಗ ಕಾಣೆಯಾಗಿದೆ, ಅದರ ಬೆಲೆಯನ್ನು ಕಂತಿನಲ್ಲಿ ತೀರಿಸುತ್ತೇನೆ, ಇದನ್ನು ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿದ್ದೇನೆ ಅಂತಿತ್ತು. ಸ್ವಂತ ಇಚ್ಛೆ! ಚಿಲಕ ಹಾಕಿದ ಬಾಗಿಲ ಒಳಗೆ ಕೂರಿಸಿಕೊಂಡು ಸ್ವಂತ ಇಚ್ಛೆ!

ಸೈನ್ ಹಾಕಲ್ಲ ಅಂದೆ. 112ಕ್ಕೆ ಫೋನ್ ಮಾಡ್ತೀನಿ, ನನ್ನನ್ನು ಕೂಡಿಹಾಕಿದ್ದಾರೆ ಅಂತ ಹೇಳ್ತೀನಿ ಅಂತ ಫೋನ್ ತೆಗೆದೆ. ಆಗ ಚಿಲಕ ತೆಗೆದರು. ಸಾಮಾನು ಬಾಚಿಕೊಂಡು ಹೊರಗೆ ಬಂದೆ. ಸೋದರಮಾವ ಹಿಂದಿನಿಂದ "ನಾಳೆ ಸ್ಟೇಷನ್ನಲ್ಲಿ ನೋಡ್ಕೊಳ್ತೀವಿ" ಅಂದರು.

ಆ ರಾತ್ರಿಯೇ ಅವರು ಇನ್ನೊಂದು ಕೆಲಸ ಮಾಡಿದರು. ನನ್ನ ಮೇಕಪ್ ಪೇಜಿನಿಂದ ಫೋಟೋ ತೆಗೆದು, "ಈಕೆಯನ್ನು ಮದುವೆಗೆ ಕರೆಯಬೇಡಿ, ಒಡವೆ ಕಳ್ಳಿ" ಅಂತ ವಾಟ್ಸಾಪ್‌ನಲ್ಲಿ ಬಿಟ್ಟರು. ಕೋಲಾರ, ಬಂಗಾರಪೇಟೆ, ಮಾಲೂರು, ಎಲ್ಲ ಗುಂಪಿಗೂ ಹೋಯಿತು. ನನ್ನ ಅಮ್ಮನಿಗೆ ಅದನ್ನು ತೋರಿಸಿದ್ದು ಪಕ್ಕದ ಮನೆಯವರು. ಒಪ್ಪಿಕೊಂಡಿದ್ದ ಮದುವೆಗಳು ಕೈತಪ್ಪಿದವು. ಒಬ್ಬರು ಮಾತ್ರ ಫೋನ್ ಮಾಡಿ, ನಿಜನಾ ಅಂತ ಕೇಳಿದರು. ಉಳಿದವರು ಕೇಳಲೂ ಇಲ್ಲ.

ಮಾರನೇ ದಿನ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್. "ಸ್ಟೇಷನ್ನಿಂದ ಮಾತಾಡ್ತಿದ್ದೀನಿ, ಸಾಹೇಬ್ರು ಕರೀತಿದ್ದಾರೆ, ಈಗಲೇ ಬಾ." ಅಷ್ಟರಲ್ಲಿ ನಾನು 15100ಕ್ಕೆ ಫೋನ್ ಮಾಡಿದ್ದೆ. ಅದು ಉಚಿತ ಕಾನೂನು ನೆರವಿನ ನಂಬರ್. ಕೋಲಾರದ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ಬಂದಿದ್ದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ನನಗೂ ಒಬ್ಬ ವಕೀಲ ಮೇಡಂ ಸಿಕ್ಕಿದರು. ಅವರು ಹೇಳಿದ ಮಾತು ನನ್ನನ್ನು ಉಳಿಸಿತು, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪೊಲೀಸರು ಹೇಗೆ ಕರೆಯಬೇಕು, ಹೇಗೆ ಬಂಧಿಸಬೇಕು ಅಂತ ಹೇಳುವ ಕಾನೂನು ಹಿಂದೆ ಸಿಆರ್‌ಪಿಸಿ ಆಗಿತ್ತು, 2024ರ ಜುಲೈ 1ರಿಂದ ಅದರ ಬದಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಜಾರಿಯಲ್ಲಿದೆ. ಆರೋಪಿ ಅಂತ ಕರೆಯುವುದಾದರೆ, ಬಂಧಿಸುವ ಅಗತ್ಯ ಇಲ್ಲದ ಕಡೆ 35(3)ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಡಬೇಕು. ಹಿಂದೆ ಇದೇ 41ಎ ನೋಟಿಸ್ ಆಗಿತ್ತು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೀ ವಿಷಯ ಗೊತ್ತಿರುವವರು ಅಂತ ವಿಚಾರಿಸೋದಾದರೆ, 179ನೇ ಸೆಕ್ಷನ್ ಪ್ರಕಾರ ಹೆಂಗಸನ್ನು ಅವಳು ವಾಸ ಇರುವ ಜಾಗ ಬಿಟ್ಟು ಬೇರೆ ಕಡೆಗೆ ಬಾ ಅಂತ ಒತ್ತಾಯ ಮಾಡುವಂತಿಲ್ಲ. ತೀರಾ ಅಪರೂಪದ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸುವಂತಿಲ್ಲ. ಆಗಲೂ ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ನೋಟಿಸ್ ಕೈಗೆ ಬಂದ ಮೇಲೂ ಹೋಗದೆ ಇದ್ದರೆ ಮಾತ್ರ ಕಷ್ಟ, ಅದಕ್ಕೇ ಬಂಧಿಸಬಹುದು ಅಂತಲೂ ಮೇಡಂ ಎಚ್ಚರಿಸಿದರು. ಹಾಗಾಗಿ ತಲೆ ತಪ್ಪಿಸಿಕೊಳ್ಳಬೇಡಿ. ಬರವಣಿಗೆಯಲ್ಲಿ ಕೇಳಿ, ಹಗಲು ಹೋಗಿ, ವಕೀಲರ ಜೊತೆ ಹೋಗಿ.

ಫೋನ್‌ನಲ್ಲಿದ್ದವನಿಗೆ ನಾನು ಇಷ್ಟೇ ಕೇಳಿದೆ: ಎಫ್‌ಐಆರ್ ಆಗಿದೆಯಾ? ನಂಬರ್ ಏನು? ನೋಟಿಸ್ ಕೊಡಿ, ವಕೀಲರ ಜೊತೆ ಬರ್ತೀನಿ. "ಏನು, ಕಾನೂನು ಮಾತಾಡ್ತೀಯಾ?" ಅಂತ ಗದರಿ ಫೋನ್ ಇಟ್ಟ. ಮತ್ತೆ ಬರಲಿಲ್ಲ. ಅವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸ್ಟೇಷನ್ನಿನಲ್ಲಿ ವಿಚಾರಿಸಿದಾಗ ಎಫ್‌ಐಆರ್ ಆಗಿರಲಿಲ್ಲ, ಬರೀ ಒಂದು ಅರ್ಜಿ ಕೊಟ್ಟಿದ್ದರು. ವಕೀಲ ಮೇಡಂ ಜೊತೆ ಹಗಲೇ ಹೋಗಿ ನನ್ನ ಹೇಳಿಕೆ ಬರೆದುಕೊಟ್ಟೆ. ಅದರ ಪ್ರತಿಗೆ ಸೀಲ್ ಹಾಕಿಸಿಕೊಂಡೆ.

ಸಾಕ್ಷಿ ಎರಡು ಕೊಟ್ಟೆ. ಒಂದು, ಬಸ್ಸಿನ ಟಿಕೆಟ್. ಶಕ್ತಿ ಯೋಜನೆಯಲ್ಲಿ ನಮಗೆ ಕೊಡುವ ಶೂನ್ಯ ಟಿಕೆಟ್ಟು, ಕೋಲಾರದಿಂದ ಬಂಗಾರಪೇಟೆಗೆ, ದಿನಾಂಕ, ಹೊತ್ತು ಎಲ್ಲ ಅದರಲ್ಲಿದೆ. ಕಿಟ್ ಸುರಿದಾಗ ಅವರ ಕಣ್ಣಮುಂದೆಯೇ ಬಿದ್ದಿತ್ತು ಅದು, ಯಾರೂ ಎತ್ತಿ ನೋಡಲಿಲ್ಲ. ಇನ್ನೊಂದು, ಫೋಟೋ. ಮದುವೆಗೆ ಫೋಟೋ ತೆಗೆದ ಹುಡುಗ ಹೆಣ್ಣೊಪ್ಪಿಸುವ ಶಾಸ್ತ್ರದ ಫೋಟೋ ತೆಗೆದುಕೊಟ್ಟ. ಹುಡುಗಿ ಅಳುತ್ತಿದ್ದಾಳೆ, ಕತ್ತಿನಲ್ಲಿ ಕಾಸಿನ ಸರ ಹೊಳೆಯುತ್ತಿದೆ. ಫೈಲಿನಲ್ಲಿರುವ ಹೊತ್ತು ನೋಡಿದರೆ ನಾನು ಆಗಲೇ ಬಸ್ಸಿನಲ್ಲಿದ್ದೆ. ಆ ಫೋಟೋ ಅವರ ಆಲ್ಬಮ್ಮಿಗೇ ಹೋಗುವಂಥದ್ದು! ಕಳ್ಳಿ ಅನ್ನುವ ಮೊದಲು ತಮ್ಮ ಮನೆ ಫೋಟೋವನ್ನೇ ಒಂದು ಸಲ ನೋಡಬಾರದಿತ್ತಾ?

ಇಂಥ ಫೋಟೋವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬೇಡಿ, ಅದರಲ್ಲಿ ತೆಗೆದ ಹೊತ್ತಿನ ವಿವರ ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲನ್ನೇ ತಗೊಳ್ಳಿ. ಛತ್ರದ ಸಿಸಿಟಿವಿಯೂ ಬೇಕು ಅಂತ ಕೇಳಿದ್ದೆ, ಅಷ್ಟರಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಟ್ಟಿತ್ತು. ಆರೋಪ ಬಂದ ದಿನವೇ ಬರವಣಿಗೆಯಲ್ಲಿ ಕೇಳಬೇಕು.

ಸರ ಸಿಕ್ಕಿದ್ದು ಗಂಡಿನ ಮನೆಯಲ್ಲಿ. ಹುಡುಗಿ ಬಿಚ್ಚಿಟ್ಟ ಒಡವೆಯನ್ನು ಅಲ್ಲಿ ಯಾರೋ ಬೇರೆ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದರಂತೆ. ಇದು ನನಗೆ ಗೊತ್ತಾಗಿದ್ದೂ ಆ ಫೋಟೋ ಹುಡುಗನಿಂದ. ಅವರು ಯಾರೂ ಹೇಳಲಿಲ್ಲ. ನಾನೇ ಸೋದರಮಾವನಿಗೆ ಫೋನ್ ಮಾಡಿದೆ.

"ಸಿಕ್ತಲ್ಲ, ಬಿಡಮ್ಮ."

ಬಿಡೋದಾ? ನನ್ನ ಹೆಸರು ಹಾಕಿ ಊರೆಲ್ಲ ಹಂಚಿದ್ದೀರಲ್ಲ ಅಂದೆ. "ಅದು ಹುಡುಗರು ಯಾರೋ ಮಾಡಿದ್ದು. ನಾವೇನು ನಿನ್ನ ಮೇಲೆ ಕೇಸ್ ಹಾಕಿದ್ವಾ? ನೀನ್ಯಾಕೆ ಇಷ್ಟು ದೊಡ್ಡದು ಮಾಡ್ತೀಯಾ?" ಆಯಿತು, ಅದೇ ಗುಂಪುಗಳಲ್ಲಿ ಸರ ಸಿಕ್ಕಿದೆ, ಈಕೆಯ ತಪ್ಪಿಲ್ಲ ಅಂತ ಹಾಕಿ ಅಂದೆ. "ನೋಡೋಣ" ಅಂದರು. ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದರು. ತಪ್ಪಾಯಿತು ಅನ್ನುವ ಒಂದು ಮಾತು ಆ ಮನೆಯ ಯಾರ ಬಾಯಿಂದಲೂ ಬರಲಿಲ್ಲ. ನನ್ನ 8,000 ರೂಪಾಯಿಯೂ ಬರಲಿಲ್ಲ.

ಈಗ ವಕೀಲರ ನೋಟಿಸ್ ಕಳಿಸಿದ್ದೇನೆ. ಅಪರಾಧಗಳ ಕಾನೂನಾದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಪ್ರಕಾರ ಮಾನಹಾನಿ 356ನೇ ಸೆಕ್ಷನ್, ಕೂಡಿಹಾಕಿದ್ದು 127. ಸುಳ್ಳು ದೂರಿನ ಸೆಕ್ಷನ್ನೂ ಇದೆ, ಆದರೆ ಸುಳ್ಳು ಅಂತ ಗೊತ್ತಿದ್ದೇ ಕೊಟ್ಟರು ಅಂತ ತೋರಿಸಬೇಕು, ಅದು ಕಷ್ಟ ಅಂತ ಮೇಡಂ ಹೇಳಿದರು. ಅನುಮಾನ ಬಂತು ಅಷ್ಟೇ ಅಂತ ಅವರು ಜಾರಿಕೊಳ್ಳುತ್ತಾರೆ.

ನಮ್ಮ ಕೆಲಸದವರಿಗೆ ಹೇಳೋದು ಇಷ್ಟು. ಒಡವೆ ಹಾಕಿದ ಮೇಲೆ ಹೊರಡುವ ಮುಂಚೆ ಹುಡುಗಿಯದೊಂದು ಫೋಟೋ ನಿಮ್ಮ ಫೋನಿನಲ್ಲೇ ತೆಗೆದಿಟ್ಟುಕೊಳ್ಳಿ. ಬಾಕಿ ತಗೊಳ್ಳೋಕೆ ಯಾರ ಮನೆಗೂ ಒಬ್ಬರೇ ಹೋಗಬೇಡಿ. ಮುಚ್ಚಳಿಕೆಗೆ ಸೈನ್ ಹಾಕಲೇಬೇಡಿ, ಯಾರು ಎಷ್ಟೇ ದೊಡ್ಡ ಮನುಷ್ಯರು ಹೇಳಲಿ, ಹಾಕಬೇಡಿ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತನ್ನೇ ಕೋರ್ಟಿನಲ್ಲಿ ಸಾಕ್ಷಿ ಅಂತ ತಗೊಳ್ಳೋದಿಲ್ಲ. ಆದರೆ ಇಂಥ ಖಾಸಗಿ ಜನಕ್ಕೆ ಬರೆದುಕೊಟ್ಟ ಹಾಳೆಗೆ ಆ ರಕ್ಷಣೆ ಇಲ್ಲ. ಅದಕ್ಕೇ ಅವರಿಗೆ ಸ್ಟೇಷನ್ನಿಗಿಂತ ಮುಂಚೆ ನಿಮ್ಮ ಸೈನ್ ಬೇಕು.

ನನ್ನ ಫೋಟೋ ಹಾಕಿದ ಆ ಮೆಸೇಜು ನಿಮ್ಮ ಗುಂಪಿಗೂ ಬಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಯಾರು, ಯಾವಾಗ ಹಾಕಿದರು ಅನ್ನೋದು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕೊಡಿ. ಸಾಧ್ಯವಾದರೆ ಅದರ ಕೆಳಗೇ ಬರೆಯಿರಿ: ಸರ ಸಿಕ್ಕಿದೆ, ಗಂಡಿನ ಮನೆಯ ಬೀರುವಿನಲ್ಲಿ ಸಿಕ್ಕಿದೆ.