ಹಳೆಯ ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ, ರ‍್ಯಾಮ್: ಕಾರವಾರದಲ್ಲಿ ಮೂರು ಮಳೆಗಾಲದ ನಂತರ

ನಮ್ಮದು ಎಚ್61 ಮದರ್‌ಬೋರ್ಡ್, ಎರಡನೇ ತಲೆಮಾರಿನ ಐ3 ಪ್ರೊಸೆಸರ್. ಕೋಡಿಬಾಗದ ಮನೆಯಲ್ಲೇ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡಿಕೊಡುವ ಕೆಲಸ. ನುಡಿ, ಪೇಜ್‌ಮೇಕರ್ ಎಲ್ಲ ಇದರಲ್ಲೇ. ಹೊಸ ಕಂಪ್ಯೂಟರಿಗೆ ದುಡ್ಡು ಹೊಂದಲಿಲ್ಲ, ಇದ್ದದ್ದಕ್ಕೇ ಬಿಡಿಭಾಗ ಹಾಕಿಸಿದೆವು.

ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಒಳಗೆ ಏನೂ ತಿರುಗದ ಡ್ರೈವ್), ಎರಡು ಮಾತಿಲ್ಲ. ಹಾಕಿದ್ದು ಕ್ರೂಶಿಯಲ್ ಬಿಎಕ್ಸ್500, 240 ಜಿಬಿ. ಎಚ್61ರಲ್ಲಿ ಡ್ರೈವ್ ಜೋಡಿಸಲು ಇರುವುದು ಸಾಟಾ 2 ಎಂಬ ಹಳೆಯ ಕಿಂಡಿ, ಸೆಕೆಂಡಿಗೆ 300 ಎಂಬಿ ದಾಟದು. ಪೆಟ್ಟಿಗೆಯ ಮೇಲಿನ 540 ಸಿಗುವುದಿಲ್ಲ. ಅದಕ್ಕೆ ಬೇಜಾರಾಗಬೇಡಿ. ಹಳೆಯ ಹಾರ್ಡ್ ಡಿಸ್ಕ್ ಕಾಯಿಸುತ್ತಿದ್ದದ್ದು ಸಾವಿರಾರು ಸಣ್ಣ ಫೈಲುಗಳಿಗಾಗಿ ಅದರ ಹೆಡ್ ಅತ್ತಿಂದಿತ್ತ ಓಡಾಡಬೇಕಿದ್ದರಿಂದ. ಆ ಓಡಾಟವೇ ಈಗಿಲ್ಲ. ವಿಂಡೋಸ್ ಹಾಕುವ ಮುಂಚೆ ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಸಾಟಾ ಮೋಡ್ ಐಡಿಇ ಎಂದಿದ್ದರೆ ಎಎಚ್‌ಸಿಐ ಮಾಡಿಕೊಳ್ಳಿ.

ರ‍್ಯಾಮ್ 4 ಜಿಬಿ ಇತ್ತು, ಇನ್ನೊಂದು 4 ಸೇರಿಸಿದೆವು. ಈ ಬೋರ್ಡಿಗೆ ಆಗುವ ಡಿಡಿಆರ್3 ಬಗೆಯದನ್ನು ಕೊಳ್ಳುವಾಗ ಹುಷಾರು: ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಬೋರ್ಡಿಗೆ ಮಾತ್ರ ಆಗುವಂಥವು. ನಮ್ಮದರಂಥ ಇಂಟೆಲ್ ಬೋರ್ಡಿಗೆ ಹಾಕಿದರೆ ಪರದೆಯೇ ಬರದು.

ಇನ್ನು ನಮ್ಮೂರಿನ ನಿಜವಾದ ಶತ್ರು, ಉಪ್ಪುಗಾಳಿ. ಮೊದಲ ಮಳೆಗಾಲದಲ್ಲೇ ಒಂದು ಬೆಳಿಗ್ಗೆ ಬೀಪ್ ಬೀಪ್ ಎಂದು ನಿಂತಿತು. ರ‍್ಯಾಮಿನ ಚಿನ್ನದ ಬಣ್ಣದ ಕಾಲುಗಳ ಮೇಲೆ ಕಿಲುಬು. ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ ಹಾಕಿದ ಮೇಲೆ ಸರಿಯಾಯಿತು. ಈಗ ಜೂನ್‌ಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಇದು ಕಡ್ಡಾಯ. ಕೆಲಸವಿಲ್ಲದ ದಿನವೂ ಅರ್ಧ ಗಂಟೆ ಚಾಲೂ ಇಡುತ್ತೇವೆ, ಒಳಗಿನ ಬಿಸಿಗೆ ತೇವ ಆರುತ್ತದೆ. ಗಾಳಿಯಾಡುವ ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ರಯೋಜನವಿಲ್ಲ. ಸಮುದ್ರದ ಕಡೆಯ ಕಿಟಕಿಯಿಂದ ಮೇಜು ಸರಿಸಿದ್ದೇ ಹೆಚ್ಚು ಉಪಕಾರವಾಯಿತು.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಘಟಕ) ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಹಳೆಯ ಡಬ್ಬಾ ಎಸ್‌ಎಂಪಿಎಸ್ ಸತ್ತರೆ ಒಮ್ಮೊಮ್ಮೆ ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ. ಗುಡುಗು ಸಿಡಿಲಿನ ಸಂಜೆ ಪ್ಲಗ್ಗೂ ಇಂಟರ್ನೆಟ್ ಕೇಬಲ್ಲೂ ಎರಡನ್ನೂ ಕೀಳಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್) ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ಹಾಗಾಗಿ ಬ್ಯಾಂಕು, ಮೇಲ್ ಎಲ್ಲ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್‌ನಲ್ಲಿ. ವಿಂಡೋಸ್ ತೆರೆಯುವುದು ನುಡಿಯ ಕೆಲಸಕ್ಕಷ್ಟೇ, ಅದೂ ನೆಟ್ ಇಲ್ಲದೆ.

ಗ್ರಾಫಿಕ್ಸ್ ಕಾರ್ಡ್ ನಮ್ಮಂಥ ಕೆಲಸಕ್ಕೆ ದಂಡ. ಮುಂದೆ ಹಾಕಿದರೆ ಸೆಕೆಂಡ್‌ಹ್ಯಾಂಡ್ ಐ5-3470 ಪ್ರೊಸೆಸರ್. ಅದು ಮೂರನೇ ತಲೆಮಾರಿನದು, ಇದೇ 1155 ಸಾಕೆಟ್ಟಿಗೆ ಕೂರುತ್ತದೆ. ಹಳೆಯ ಪ್ರೊಸೆಸರ್ ತೆಗೆಯುವ ಮುಂಚೆಯೇ ಬಯಾಸ್ ಅಪ್‌ಡೇಟ್ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಎಷ್ಟೋ ಎಚ್61 ಬೋರ್ಡುಗಳು ಹೊಸದನ್ನು ಗುರುತಿಸುವುದೇ ಇಲ್ಲ.